ಖಾರ್ ಸ್ಟೇಷನ್ನಿನಲ್ಲಿ ಬಿದ್ದ ಗೋಲು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನೆಲ್ಲ ಆ ಶನಿವಾರ ಬೆಳಗಿನಿಂದ ತಲೆಯೊಳಗೆ ಒಂದೊಂದಾಗಿ ಕೆಡಿಸಿ ನೋಡಿಯಾಗಿತ್ತು.

ಭಾವನ ಎದೆ ನಿಲ್ಲಬಹುದಿತ್ತು. ನಿಲ್ಲದಿದ್ದರೂ ಎದೆಯ ಹೊಲಿಗೆ ಬಿಚ್ಚಿಕೊಳ್ಳಬಹುದಿತ್ತು. ಹೊಲಿಗೆ ತೆಗೆದು ಎಷ್ಟೋ ಕಾಲವಾಗಿತ್ತು, ಆದರೆ ನನ್ನ ಹೆದರಿಕೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಂಬುಲೆನ್ಸ್ ಬರುವುದು ತಡವಾಗಬಹುದಿತ್ತು, ಬಂದರೂ ಸಬ್‌ವೇ ಬಾಯಲ್ಲಿ ರಿಕ್ಷಾಗಳ ನಡುವೆ ಸಿಕ್ಕಿಕೊಳ್ಳಬಹುದಿತ್ತು. ಅಕ್ಕ ನನ್ನನ್ನು ಇನ್ನು ಮೇಲೆ ಮನೆಯೊಳಗೆ ಬಿಡದೇ ಇರಬಹುದಿತ್ತು. ಭಾವ ನನಗೆ ‘ಸುಳ್ಳುಬುರುಕ’ ಎನ್ನಬಹುದಿತ್ತು. ಏನೂ ಅನ್ನದೆ ಸುಮ್ಮನೆ ನನ್ನ ಮುಖ ನೋಡಬಹುದಿತ್ತು. ಅದು ಇನ್ನೂ ಕಷ್ಟ. ಸರಿಯಾಗಿ ಐದು ಗಂಟೆಗೆ ಕರೆಂಟ್ ಹೋಗಬಹುದಿತ್ತು. ಅದಕ್ಕಿಂತ ದೊಡ್ಡ ಭಯವೆಂದರೆ, ಹೋಗದೇ ಇರಬಹುದಿತ್ತು. ಕೊನೆಗೆ, ಇವೆಲ್ಲದರ ಚಿಂತೆಯಲ್ಲಿ ನನಗೇ ಅಟ್ಯಾಕ್ ಆಗಿ, ‘ಅಂವಗ ಮೊದಲಿಂದನೂ ಟೆನ್ಶನ್ ಭಾಳ’ ಎಂದು ಜನ ನನ್ನ ಮಂಚದ ಸುತ್ತ ನಿಂತು ಮಾತಾಡಬಹುದಿತ್ತು.

ಇಷ್ಟಕ್ಕೂ ಕಾರಣ, ನಮ್ಮಲ್ಲಿ ಯಾರೂ ಕಣ್ಣೆದುರು ನೋಡದ, ನೋಡುವ ಸಂಭವವೂ ಇಲ್ಲದ, ಐರ್ಲೆಂಡಿನ ಒಬ್ಬ ಫುಟ್‌ಬಾಲ್ ಹುಡುಗ. ಅವನ ಹೆಸರು ಬರೆಯುವುದಿಲ್ಲ, ಅವನು ಆಡುವ ಕ್ಲಬ್ಬಿನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಈಗಲೂ ನನಗೆ ಎದೆ ಡವಡವ ಅನ್ನುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೆಳಗಾವಿಯವರು. ಮುಂಬೈಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮನೆ ಸಾಂತಾಕ್ರೂಜ್ ಪೂರ್ವದಲ್ಲಿ. ವಿಮಾನ ಇಳಿಯುವಾಗ ಎಲ್ಲರೂ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದಮೇಲೆ ಅದೇ ಶಬ್ದದಿಂದ ಮುಂದುವರಿಸುವಂಥ ಫ್ಲ್ಯಾಟುಗಳ ಸೊಸೈಟಿ. ಶಾಲೆಯಲ್ಲಿ ಅವರಿಗೆ ಐರ್ಲೆಂಡಿನ ಒಬ್ಬ ಪಾದ್ರಿ ಗಣಿತ ಕಲಿಸುತ್ತಿದ್ದರಂತೆ. ಗಣಿತ ಬರಲಿಲ್ಲ, ಫುಟ್‌ಬಾಲ್ ಬಂತು. ಆ ಪಾದ್ರಿ ಸಂಜೆ ಮೈದಾನದಲ್ಲಿ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಭಾವನನ್ನು ಎಡಗಡೆ ಹಿಂದೆ, ಎದುರಿನವರನ್ನು ತಡೆಯುವ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ನಿಂತವರು ಆಫೀಸ್ ಟೀಮಿನಲ್ಲೂ ಅಲ್ಲೇ ನಿಂತರು. ಕ್ರಾಸ್ ಮೈದಾನದಲ್ಲಿ ವರ್ಷಗಟ್ಟಲೆ ಲೆಫ್ಟ್ ಬ್ಯಾಕ್ ಆಡಿ ಒಂದೇ ಒಂದು ಗೋಲು ಹೊಡೆಯಲಿಲ್ಲ. ಯಾಕೆ ಭಾವ ಎಂದರೆ, ‘ನಾ ಮುಂದ ಹೋದ್ರ ಹಿಂದ ಯಾರು ನಿಂದರಬೇಕು? ನಿಮ್ಮಪ್ಪ ನಿಂದರತಾನೇನು?’ ಎನ್ನುತ್ತಿದ್ದರು. ನಮ್ಮಪ್ಪನಿಗೆ, ಅಂದರೆ ಅವರ ಮಾವನಿಗೆ, ಈ ಮಾತು ತಲುಪಿದ್ದೂ ಉಂಟು.

ಪಾದ್ರಿ ತೀರಿಹೋಗಿ ದಶಕಗಳಾದವು. ಅವರು ಹಚ್ಚಿದ ಹುಚ್ಚು ಉಳಿಯಿತು. ಜನ ಒಂದು ಕ್ಲಬ್ ಹಿಡಿದುಕೊಂಡು ಅದರ ಅಂಗಿ ಹಾಕಿಕೊಂಡು ಕುಣಿಯುತ್ತಾರೆ. ಭಾವನದು ಹಾಗಲ್ಲ. ಐರ್ಲೆಂಡ್ ಪರವಾಗಿ ಆಡುವ ಹುಡುಗರೆಲ್ಲ ಹೊಟ್ಟೆಪಾಡಿಗೆ ಸಮುದ್ರ ದಾಟಿ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಚದುರಿ ಹೋಗಿರುತ್ತಾರಲ್ಲ, ಭಾವ ಆ ಎಲ್ಲ ಕ್ಲಬ್ಬುಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ‘ದೇಶ ತವರುಮನಿ, ಕ್ಲಬ್ಬು ಗಂಡನ ಮನಿ’ ಎಂದು ನನಗೆ ವಿವರಿಸಿದ್ದರು. ‘ಕೊಟ್ಟ ಮನಿ ಛಲೋ ಇದ್ರ ಹುಡುಗಿ ಹಬ್ಬಕ್ಕ ತವರಿಗೆ ನಕ್ಕೋತ ಬರ್ತಾಳ. ಆ ಮನಿನ ಮುಳುಗಿದ್ರ ಅಕೀ ಮಾರಿ ನೋಡಾಕ ಆಗ್ತದೇನು?’ ಒಬ್ಬನ ಕ್ಲಬ್ಬು ಸಾಲದಲ್ಲಿದೆ, ಇನ್ನೊಬ್ಬನನ್ನು ಹೊಸ ಕೋಚ್ ಬೆಂಚಿನ ಮೇಲೆ ಕೂಡಿಸಿದ್ದಾನೆ, ಮತ್ತೊಬ್ಬನನ್ನು ಬೇರೆ ಕ್ಲಬ್ಬಿಗೆ ಬಾಡಿಗೆಗೆ ಕೊಟ್ಟಿದ್ದಾರೆ: ಇವೆಲ್ಲ ಅವರಿಗೆ ನೆಂಟರ ಸುದ್ದಿ. ನನಗೋ ಅಷ್ಟೂ ಮನೆಗಳ ಚಿಂತೆ ಪುಕ್ಕಟೆ ಸಿಕ್ಕಂತಾಯಿತು. ಚಿಂತೆ ಎಲ್ಲಿ ಸಿಕ್ಕರೂ ಬಿಡುವವನಲ್ಲ ನಾನು.

ಈ ಎಲ್ಲರಲ್ಲಿ ಭಾವನಿಗೆ ಅಚ್ಚುಮೆಚ್ಚಿನವನು ಒಬ್ಬ ಲೆಫ್ಟ್ ಬ್ಯಾಕ್. ಇಂಗ್ಲೆಂಡಿನ ಉತ್ತರದಲ್ಲಿ ಗಿರಣಿಗಳು ಮುಚ್ಚಿಹೋದ ಒಂದು ಊರಿನ ಕ್ಲಬ್ಬಿನಲ್ಲಿ ಆಡುತ್ತಾನೆ. ದೇಶದ ತಂಡಕ್ಕೆ ಆಗೊಮ್ಮೆ ಈಗೊಮ್ಮೆ ಕರೆ ಬರುತ್ತದೆ. ಅವನೂ ಒಂದೂ ಗೋಲು ಹೊಡೆದವನಲ್ಲ. ‘ಇಂವ ನಮ್ಮಾಂವ’ ಎಂದು ಭಾವ ಹೇಳಿದಾಗ ನಾವು ಯಾರೂ ಕಾರಣ ಕೇಳಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಇಂಗ್ಲೆಂಡಿನ ಫುಟ್‌ಬಾಲ್ ಒಂದು ಬಿಲ್ಡಿಂಗ್ ಇದ್ದ ಹಾಗೆ. ಮೇಲಿನ ಮಹಡಿಯಲ್ಲಿ ಶ್ರೀಮಂತರು. ಪ್ರತಿ ಮಹಡಿಯಲ್ಲೂ ವರ್ಷದ ಕೊನೆಗೆ ಎಲ್ಲರಿಗಿಂತ ಹಿಂದೆ ಬಿದ್ದವರು ಗಂಟುಮೂಟೆ ಕಟ್ಟಿಕೊಂಡು ಕೆಳಗಿನ ಮಹಡಿಗೆ ಇಳಿಯಬೇಕು. ನಮ್ಮ ಹುಡುಗನ ಕ್ಲಬ್ಬು ಮೇಲಿನಿಂದ ಎರಡನೆಯ ಮಹಡಿಯಲ್ಲಿತ್ತು. ಅಲ್ಲಿಂದಲೂ ಇಳಿದರೆ ಅವನನ್ನು ದೇಶದ ತಂಡಕ್ಕೆ ಕರೆಯುವವರು ಯಾರು?

ಆ ವರ್ಷ ದೀಪಾವಳಿ ಮುಗಿದ ಮೇಲೆ ಭಾವನಿಗೆ ಬೈಪಾಸ್ ಆಯಿತು. ಅದೇ ಹೊತ್ತಿಗೆ ಆ ಕ್ಲಬ್ಬು ಸೋಲತೊಡಗಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಸ್ವಲ್ಪ ದಿನ ಬೇಜಾರಾಗಿತ್ತು. ಡಾಕ್ಟರು, ‘ಮನಸ್ಸಿಗೆ ತ್ರಾಸ ಆಗೋ ಸುದ್ದಿ ಹೇಳಬೇಡಿ’ ಎಂದರು. ಡಾಕ್ಟರು ಇದನ್ನು ಎಲ್ಲರಿಗೂ ಹೇಳುತ್ತಾರೆ. ಆದರೆ ನಮ್ಮ ಅಕ್ಕನಂಥ ಕೇಳುಗರು ಅವರಿಗೆ ಸಿಕ್ಕಿರಲಿಕ್ಕಿಲ್ಲ. ಭಾವನ ಮೊಬೈಲು ಕಪಾಟಿಗೆ ಹೋಯಿತು, ಅದರ ಬದಲು ಒತ್ತುವ ಗುಂಡಿಯ ಫೋನು ಬಂತು. ಟಿವಿಯಲ್ಲಿ ಆಟದ ಚಾನೆಲ್‌ಗಳು ಬಂದಾದವು. ಮುಂಬೈ ಪೇಪರಿನಲ್ಲಿ ಎರಡನೆಯ ಮಹಡಿಯವರ ಸುದ್ದಿ ಹೇಗೂ ಬರುವುದಿಲ್ಲ. ಹೀಗಾಗಿ ಇಡೀ ಇಂಗ್ಲೆಂಡಿಗೂ ಭಾವನಿಗೂ ನಡುವೆ ಉಳಿದವನು ನಾನೊಬ್ಬ.

ನಾನಿರುವುದು ದಾದರಿನಲ್ಲಿ. ಮ್ಯಾಚು ಶನಿವಾರ ಆಗುತ್ತಿತ್ತು. ಭಾನುವಾರ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಸುದ್ದಿ ಒಯ್ಯುತ್ತಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರ ಅಕ್ಕ ಬಾಗಿಲಲ್ಲೇ ತಡೆದಳು.

‘ಏನಾತು?’

‘ನಾಲ್ಕು ಗೋಲು ಬಿದ್ದಾವಕ್ಕ. ನಮ್ಮಾಂವ ಇದ್ದ ಕಡೆಯಿಂದನ ಮೂರು.’

‘ಒಳಗ ಹೋಗಿ ಹಂಗ ಅಂದಿ ಅಂದ್ರ ನೋಡು. ಗೆದ್ದಾರ ಅಂತ ಹೇಳು.’

‘ಅಕ್ಕ, ಅದು ಸುಳ್ಳಾಗ್ತದ.’

‘ಹೌದಾ? ನಮ್ಮ ಅಜ್ಜ ಹೋದಾಗ ನಿನಗ ಏನಂತ ಹೇಳಿದ್ರು?’

ನಮ್ಮ ಕಡೆ ಸತ್ತವರನ್ನು ಯಾರೂ ಸತ್ತರು ಎನ್ನುವುದಿಲ್ಲ. ಮುಂಬೈಗೆ ಫೋನು ಬರುವುದು ‘ಸ್ವಲ್ಪ ಸೀರಿಯಸ್ ಅದ, ಬಂದು ಹೋಗ್ರಿ’ ಎಂದೇ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವವರಿಗೂ ಅದರ ಅರ್ಥ ಗೊತ್ತು, ಕಳಿಸಿದವರಿಗೂ ಅವರಿಗೆ ಗೊತ್ತಿದೆ ಎಂದು ಗೊತ್ತು. ಆದರೂ ಊರು ಮುಟ್ಟಿ ಅಂಗಳದಲ್ಲಿ ಚಪ್ಪಲಿಗಳನ್ನು ನೋಡುವವರೆಗೆ ಎಲ್ಲರೂ ಸೀರಿಯಸ್ ಎಂದೇ ನಡೆದುಕೊಳ್ಳುತ್ತಾರೆ. ಈ ಪದ್ಧತಿಯನ್ನು ಇಂಗ್ಲೆಂಡಿನ ಎರಡನೆಯ ಡಿವಿಜನ್ನಿಗೆ ಅನ್ವಯಿಸಿದವರು ಜಗತ್ತಿನಲ್ಲಿ ಬಹುಶಃ ನಾವೇ ಮೊದಲು.

‘ಒಂದು–ಸೊನ್ನೆ, ಗೆದ್ರು’ ಎಂದೆ ಒಳಗೆ ಹೋಗಿ. ಭಾವ ದಿಂಬಿಗೆ ಒರಗಿದವರು ಕಣ್ಣು ತೆರೆದು, ‘ಅಂವ?’ ಎಂದರು.

‘ಗೋಡೆ ಇದ್ದಂಗ ನಿಂತಿದ್ದ ಭಾವ.’

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. ಅಕ್ಕ ನನಗೆ ಒಗ್ಗರಣೆ ಅವಲಕ್ಕಿ ಎರಡನೆಯ ಸಲ ಬಡಿಸಿದಳು.

ಸುಳ್ಳು ಹೇಳುವುದು ಸುಲಭ ಎಂದುಕೊಂಡವರು ವಾರಕ್ಕೊಂದರಂತೆ ಹೇಳಿ ನೋಡಲಿ. ಬರೀ ಗೆದ್ದರು ಎಂದರೆ ಭಾವ ಬಿಡುತ್ತಿರಲಿಲ್ಲ. ಯಾರು ಪಾಸ್ ಕೊಟ್ಟ, ಮಳೆ ಇತ್ತೋ, ರೆಫ್ರೀ ಹೇಗಿದ್ದ? ಹೀಗಾಗಿ ಇಡೀ ಮ್ಯಾಚನ್ನು ನಾನು ಲೋಕಲ್‌ನಲ್ಲೇ ಆಡಿಸಿಕೊಂಡು ಹೋಗಬೇಕಾಗುತ್ತಿತ್ತು. ಮಾಟುಂಗಾ ರೋಡಿಗೆ ಆಟ ಶುರು. ಮಾಹಿಮ್ ಬರುವಷ್ಟರಲ್ಲಿ ಎದುರಿನವರ ಎರಡು ದಾಳಿ ತಡೆಯಬೇಕು. ಬಾಂದ್ರಾದಲ್ಲಿ ಹಾಫ್ ಟೈಮ್. ಖಾರ್ ಬಂದಾಗ ಗೋಲು. ಸಾಂತಾಕ್ರೂಜ್‌ನಲ್ಲಿ ಸೀಟಿ. ಪಕ್ಕದವರು ನನ್ನ ತುಟಿ ಅಲುಗುವುದನ್ನು ನೋಡಿ ಸ್ತೋತ್ರ ಹೇಳುತ್ತಿದ್ದಾನೆ ಎಂದುಕೊಂಡು ಒಮ್ಮೆ ಜಾಗ ಕೊಟ್ಟರು.

ಎಲ್ಲ ಮ್ಯಾಚೂ ಗೆಲ್ಲಿಸಿದರೆ ಸಂಶಯ ಬಂದೀತೆಂದು ನಡುನಡುವೆ ಡ್ರಾ ಮಾಡಿಸುತ್ತಿದ್ದೆ. ಒಮ್ಮೆ ಸೋಲಿಸಿದೆ ಕೂಡ, ಒಂದೇ ಗೋಲಿನಿಂದ, ಅದೂ ರೆಫ್ರೀ ತಪ್ಪಿನಿಂದ. ವಸಂತದಲ್ಲಿ ಐರ್ಲೆಂಡಿನ ತಂಡ ಆರಿಸಿದರು, ನಮ್ಮವನ ಹೆಸರಿರಲಿಲ್ಲ. ಭಾವ ಕೇಳಿದರು: ‘ಇಷ್ಟು ಛಲೋ ಆಡಾಕತ್ತಾನ, ಯಾಕ ಕರೀಲಿಲ್ಲ?’ ನಾನು ಗಾಬರಿಯಲ್ಲಿ ‘ಮೊಣಕಾಲು ನೋವು’ ಎಂದುಬಿಟ್ಟೆ. ಅಂದಿನಿಂದ ಅವನ ಮೊಣಕಾಲಿನ ಚಿಂತೆ. ‘ಪಾಪ, ಎಣ್ಣಿ ಹಚ್ಚಾವರು ಯಾರರ ಅದಾರೋ ಇಲ್ಲೋ.’ ಅಕ್ಕ ಅಡುಗೆಮನೆಯಿಂದ ನನ್ನನ್ನು ದುರುಗುಟ್ಟಿ ನೋಡಿದಳು. ಮೊಣಕಾಲು ನೋವೂ ತ್ರಾಸದ ಸುದ್ದಿಯೇ ಎಂದು ನನಗೆ ಹೊಳೆದಿರಲಿಲ್ಲ.

ಅಕ್ಕನ ಮಗಳಿಗೆ ಇದು ಯಾವುದೂ ಸರಿಬರಲಿಲ್ಲ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ಆಫೀಸಿಗೆ ಹೋಗುತ್ತಾಳೆ, ಕನ್ನಡವನ್ನು ಹುಷಾರಾಗಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟ ಹಾಗೆ ಆಡುತ್ತಾಳೆ. ‘ಮಾಮಾ, ಪಪ್ಪಾ ಬಚ್ಚಾ ಅಲ್ಲ. ನೀನು, ಆಯಿ, ಇಬ್ರೂ ಪಾಗಲ್ ಇದ್ದೀರಿ’ ಎಂದಳು. ಅದು ನನಗೆ ಮೊದಲೇ ಗೊತ್ತಿತ್ತು.

ಇನ್ನು ಆ ಗೋಲಿನ ವಿಷಯ. ಈ ಮೊಣಕಾಲಿಗೂ ಮೊದಲು, ಚಳಿಗಾಲದ ಒಂದು ಭಾನುವಾರ ಅಕ್ಕ ಫೋನ್ ಮಾಡಿ, ‘ಎದ್ದು ನಡೀರಿ ಅಂದ್ರ ನಡ್ಯಾಕ ಒಲ್ಲರು. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ’ ಎಂದಳು. ವ್ಯಾಯಾಮ ಮಾಡಿಸಲು ಬಂದವನನ್ನೂ ಭಾವ ವಾಪಸು ಕಳಿಸಿದ್ದರಂತೆ. ನಾನು ರೈಲು ಹತ್ತಿದೆ. ಹಿಂದಿನ ದಿನ ಕ್ಲಬ್ಬು ನಿಜವಾಗಿ ಮೂರು ಗೋಲಿನಿಂದ ಸೋತಿತ್ತು. ಬಾಂದ್ರಾದವರೆಗೂ ನನಗೆ ಏನೂ ಹೊಳೆಯಲಿಲ್ಲ. ಖಾರ್ ಸ್ಟೇಷನ್ನಿನಲ್ಲಿ ರೈಲು ನಿಂತಾಗ, ಯಾಕೆ ಎಂದು ಈಗಲೂ ಹೇಳಲಾರೆ, ನಾನು ನಮ್ಮ ಲೆಫ್ಟ್ ಬ್ಯಾಕ್‌ನನ್ನು ಮುಂದೆ ಓಡಿಸಿದೆ. ಚೆಂಡು ಅವನ ಬಲಗಾಲಿಗೆ ಬಂತು. ಹೊಡೆಸಿದೆ.

ಭಾವ ಮಗ್ಗುಲು ಬದಲಿಸಿದರು.

‘ಅಂವ ಹೊಡದ್ನಾ?’

‘ಹೌದ್ರಿ ಭಾವ.’

‘ಎಲ್ಲಿಂದ?’

‘ದೂರಿಂದ. ಬಲಗಾಲಿಂದ. ಗೋಲ್‌ಕೀಪರನ ಬೆರಳಿಗೆ ತಾಗಿ ಒಳಗ ಹೋತು.’

ಅವರು ಎದ್ದು ಕೂತರು. ಆಮೇಲೆ ಎದ್ದು ನಿಂತರು. ಚಪ್ಪಲಿ ಮೆಟ್ಟಿ ಬಾಲ್ಕನಿಯವರೆಗೆ ನಡೆದುಹೋಗಿ, ಎದುರಿನ ಕಟ್ಟಡದ ನೀರಿನ ಪೈಪು ತೋರಿಸಿ, ‘ಅದು ಪೋಸ್ಟ್ ಅಂತ ತಿಳಕೋ. ಎಲ್ಲಿ ನಿಂತಿದ್ದ, ತೋರಸು’ ಎಂದರು. ನಾನು ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ನಿಂತು ತೋರಿಸಿದೆ. ಲುಂಗಿಯ ಕೆಳಗೆ ಅವರ ಬಲಗಾಲು ಒಂದಿಷ್ಟು ಹಿಂದಕ್ಕೆ ಹೋಗಿ ಮುಂದೆ ಬಂತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅಂದಿನಿಂದ ವಾಕಿಂಗ್ ಶುರುವಾಯಿತು. ಮೊದಲು ಪ್ಯಾಸೇಜಿನಲ್ಲಿ, ಆಮೇಲೆ ಕೆಳಗೆ ಕಂಪೌಂಡಿನಲ್ಲಿ. ಆ ಗೋಲನ್ನು ಅವರು ವ್ಯಾಯಾಮದವನಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ವಿಜಯಪುರದ ಕಡೆಯಿಂದ ಬಂದ ಸೊಸೈಟಿಯ ವಾಚ್‌ಮನ್‌ಗೆ ದಿನಾ ಹೇಳಿದರು. ನಾನು ಹೋದಾಗಲೆಲ್ಲ, ‘ಅದನ್ನೊಮ್ಮೆ ಹೇಳಪಾ’ ಎನ್ನುತ್ತಿದ್ದರು. ನಾನು ಹೇಳುತ್ತಾ ಹೇಳುತ್ತಾ ಒದ್ದೆ ಹುಲ್ಲು ಸೇರಿಸಿದೆ, ಎದ್ದು ನಿಂತ ಮುದುಕರನ್ನು ಸೇರಿಸಿದೆ. ನನಗೂ ಅದು ನಿಜವೇ ಅನ್ನಿಸತೊಡಗಿತ್ತು.

ಮೇ ತಿಂಗಳು ಬಂತು. ಡಾಕ್ಟರು ಭಾವನ ಬೆನ್ನು ತಟ್ಟಿ, ‘ಈಗ ಏನು ಬೇಕಾದರೂ ನೋಡಿ, ಏನು ಬೇಕಾದರೂ ಮಾಡಿ’ ಎಂದುಬಿಟ್ಟರು. ಭಾವ ಮನೆಗೆ ಬಂದವರೇ ಮಗಳಿಗೆ ಹೇಳಿದರು: ‘ಶನಿವಾರ ಸಂಜಿಕೆ ಐದಕ್ಕ ನಮ್ಮ ಹುಡುಗರದು ಕಡೇ ಮ್ಯಾಚ್. ಟಿವಿ ಹಚ್ಚಿಕೊಡವಾ. ಮಾಮಾಗೂ ಬರಾಕ ಹೇಳು.’

ಭಾವನ ಲೆಕ್ಕದಲ್ಲಿ ಕ್ಲಬ್ಬು ನಡುಮಟ್ಟದಲ್ಲಿ ಸುಖವಾಗಿತ್ತು. ನಿಜದಲ್ಲಿ ಅದು ತಳದಲ್ಲಿತ್ತು. ಆ ದಿನ ಗೆದ್ದರೆ ಮಾತ್ರ ಉಳಿಯುತ್ತಿತ್ತು.

ನಾನು, ಅಕ್ಕ ಫೋನಿನಲ್ಲಿ ಪಿಸುಮಾತಿನ ಸಭೆ ನಡೆಸಿದೆವು. ಟಿವಿಯ ವಯರು ಕಿತ್ತಿಡುವುದು ಅಕ್ಕನ ಸಲಹೆ. ಅದೇ ಹೊತ್ತಿಗೆ ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳುವುದು ನನ್ನದು.

‘ಸುಳ್ಳು ಮುಚ್ಚಾಕ ಸತ್ಯನಾರಾಯಣನ್ನ ಕರೀತಿಯೇನೋ, ನಾಚಿಕಿ ಇಲ್ಲದಾವನೆ’ ಎಂದಳು.

ಶನಿವಾರ ಸಾಂತಾಕ್ರೂಜ್ ಮುಟ್ಟಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದಲ್ಲಿ ಕೂತಿದ್ದರು. ಅಕ್ಕನ ತೊಡೆಯ ಮೇಲೆ ಬಿಪಿ ನೋಡುವ ಮಷೀನು. ಮಗಳು ಟಿವಿಗೆ ಏನೋ ಜೋಡಿಸುತ್ತಿದ್ದಳು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ತಿರುಗುತ್ತಲೇ ಇರಲಿ ಎಂದು ಬೇಡಿಕೊಂಡೆ. ಅದು ನಿಂತು ಹಸಿರು ಮೈದಾನ ಕಾಣಿಸಿತು. ಇನ್ನೇನು ಕಾಮೆಂಟರಿಯವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಾನು ಬಾಯಿ ತೆರೆದೆ.

‘ಭಾವ, ಒಂದು ಮಾತು. ಕ್ಲಬ್ಬು... ಸ್ವಲ್ಪ ಸೀರಿಯಸ್ ಅದ.’

ಬೇರೆ ಯಾವ ಜನರಿಗೇ ಹೇಳಿದ್ದರೂ ಈ ಮಾತಿಗೆ ಸ್ವಲ್ಪ ಸೀರಿಯಸ್ ಎಂದೇ ಅರ್ಥವಾಗುತ್ತಿತ್ತು. ಭಾವ ನಮ್ಮವರು. ಮುಖ ಇಳಿಯಿತು. ಕೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿಗೆ ಹೋಯಿತು.

‘ಯಾವಾಗ ಹೋತು?’

‘ಇನ್ನೂ ಹೋಗಿಲ್ರಿ! ಖರೇನ ಸೀರಿಯಸ್. ಇವತ್ತ ಗೆದ್ರ ಉಳೀತದ.’

‘ನೀ ಗೆದ್ರು ಗೆದ್ರು ಅಂದದ್ದು?’

ನಾನು ಅಕ್ಕನನ್ನು ನೋಡಿದೆ. ಅಕ್ಕ ಮಷೀನಿನ ಪಟ್ಟಿ ಎತ್ತಿಕೊಂಡು, ‘ನಾನ ಹೇಳಿಸಿದ್ದು. ಮೊದಲ ಕೈ ಕೊಡ್ರಿ ಇಲ್ಲಿ’ ಎಂದಳು. ಮಷೀನು ಗುರ್ ಎಂದು ಉಬ್ಬಿ, ಇಳಿದು, ಬೀಪ್ ಎಂದಿತು. ಅಕ್ಕ ಅಂಕಿಗಳನ್ನು ಎರಡು ಸಲ ನೋಡಿದಳು. ನಾರ್ಮಲ್. ಅವಳಿಗೆ ನಂಬಿಕೆಯಾಗಲಿಲ್ಲ, ಮಷೀನು ಸರಿಯಿದೆಯೋ ನೋಡೋಣವೆಂದು ಅದೇ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದಳು. ಮಷೀನು ಸರಿಯಿತ್ತು. ‘ಅಯ್ಯ, ಇವನ್ನ ಮೊದಲ ದವಾಖಾನಿಗೆ ಒಯ್ಯಬೇಕು’ ಎಂದಳು.

‘ಅಂವ ಹಂಗ ಇರಾಂವ, ಬಿಡು’ ಎಂದರು ಭಾವ. ‘ಮ್ಯಾಚ್ ನೋಡ್ರಿ ಸುಮ್ಮನ.’

ನೋಡಿದೆವು. ಮೊದಲು ನಮ್ಮವರು ಒಂದು ಗೋಲು ಹಾಕಿದರು. ಆಮೇಲೆ ಅವರು ಒಂದು. ಸಮಯ ಜಾರುತ್ತಿತ್ತು. ನಾನು ಉಗುರು ಕಚ್ಚಿದೆ, ಅಕ್ಕ ಆಟ ತಿಳಿಯದಿದ್ದರೂ ‘ಅಯ್ಯೋ ಅಯ್ಯೋ’ ಎಂದಳು. ಮಗಳು ತಂದೆಯ ಪಕ್ಕಕ್ಕೆ ಹೋಗಿ ಕೂತಳು. ಕೊನೆಯ ನಿಮಿಷಗಳಲ್ಲಿ ಎಲ್ಲರೂ ಮುಂದೆ ಓಡಿದರು, ಲೆಫ್ಟ್ ಬ್ಯಾಕ್ ಕೂಡ. ಚೆಂಡು ಯಾರದೋ ಎದೆಗೆ ಬಡಿದು ಸೀದಾ ಅವನ ಬಲಗಾಲಿನ ಮುಂದೆ ಬಂತು. ಭಾವ ಸೋಫಾದಿಂದ ಅರ್ಧ ಎದ್ದರು. ಅವನು ಹೊಡೆದ. ಅದು ಗೋಲಿನ ಮೇಲೆ, ಜನರ ಮೇಲೆ, ಎಲ್ಲೋ ಹಿಂದಿನ ರಸ್ತೆಗೆ ಹೋಯಿತು.

ಸೀಟಿ ಆಯಿತು. ಕ್ಲಬ್ಬು ಮೂರನೆಯ ಮಹಡಿಗೆ ಇಳಿಯಿತು. ನಮ್ಮ ಹುಡುಗ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ.

ನಾನು ಭಾವನ ಎದೆಯನ್ನೇ ನೋಡುತ್ತಿದ್ದೆ. ಅದು ಏರಿ ಇಳಿದು ತನ್ನ ಕೆಲಸ ಮಾಡುತ್ತಿತ್ತು. ‘ಸೊರಗ್ಯಾನ’ ಎಂದರು ಭಾವ. ಆಮೇಲೆ, ‘ಇರಲಿ. ಇಳದಾವರು ಏರ್ತಾರ. ಇಲ್ಲಂದ್ರ ಇಂವಗ ಯಾವುದರ ಬ್ಯಾರೆ ಮನಿ ಸಿಗ್ತದ’ ಎಂದರು. ನಾವು ಇಷ್ಟು ತಿಂಗಳು ಯಾವ ಸುದ್ದಿಯಿಂದ ಇವರನ್ನು ಕಾಪಾಡುತ್ತಿದ್ದೆವೋ ಆ ಸುದ್ದಿ ಇಷ್ಟೇ ಜಾಗದಲ್ಲಿ ಮುಗಿದುಹೋಯಿತು. ಅಕ್ಕ ಚಹಾಕ್ಕೆ ಇಟ್ಟಳು. ನನಗೆ ಉಸಿರು ಬಂತು.

ಆಗ ಭಾವ ನನ್ನ ಕಡೆ ತಿರುಗಿದರು.

‘ಅಂವಗ ಬಲಗಾಲಿಲೆ ಹೊಡ್ಯಾಕ ಬರೂದಿಲ್ಲಲ್ಲೋ.’

ನಾನು ಬಿಪಿ ಮಷೀನಿನ ಪಟ್ಟಿ ಸುತ್ತಿಡತೊಡಗಿದೆ.

‘ಮತ್ತ ಆ ಗೋಲು?’

ವಿಮಾನವೊಂದು ಇಳಿಯತೊಡಗಿತು. ಎಲ್ಲರೂ ಸುಮ್ಮನಾದೆವು. ಇಷ್ಟು ಸಾವಕಾಶ ಇಳಿದ ವಿಮಾನವನ್ನು ನಾನು ಆ ಮನೆಯಲ್ಲಿ ಕೇಳಿಲ್ಲ. ಅದು ಹೋದಮೇಲೂ ಭಾವ ಕಾಯುತ್ತಿದ್ದರು.

‘ಅದು ಖಾರ್ ಸ್ಟೇಷನ್ನಿನಾಗ ಹೊಡದದ್ದು ಭಾವ’ ಎಂದೆ. ‘ನೀವು ಅವತ್ತ ಹಾಸಿಗಿ ಬಿಟ್ಟು ಎದ್ದಿದ್ದಿಲ್ಲ.’

ಭಾವ ತಲೆಯಾಡಿಸಿದರು. ಬೈಯಲಿಲ್ಲ. ರಿಮೋಟು ತೆಗೆದುಕೊಂಡು ಟಿವಿ ಆರಿಸಿದರು. ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಎಳೆದುಕೊಂಡು ಚಹಾ ಕುಡಿದರು. ಆಮೇಲೆ, ‘ನಡೀ, ವಾಕಿಂಗಿಗೆ ಹೋಗಿ ಬರೋಣು’ ಎಂದರು.

ಕೆಳಗೆ ಗೇಟಿನ ಹತ್ತಿರ ವಾಚ್‌ಮನ್ ಕುರ್ಚಿಯಿಂದ ಎದ್ದ.

‘ಏನ್ರೀ ಸಾಹೇಬ್ರ, ನಿಮ್ಮ ಎಡಗಡೆ ಹುಡುಗ ಇವತ್ತೂ ಹೊಡದ್ನೇನ್ರೀ?’

‘ಇಲ್ಲಪಾ’ ಎಂದರು ಭಾವ. ‘ಹಿಂದಿನ ಗೋಲೂ ಹೋತು. ಆಫ್‌ಸೈಡ್ ಅಂತ ರದ್ದು ಮಾಡ್ಯಾರ.’

‘ಅರೇ! ಇಷ್ಟು ತಿಂಗಳಾದ ಮ್ಯಾಲ?’

‘ಹೂಂ’ ಎಂದು ಭಾವ ನನ್ನ ಕಡೆ ನೋಡದೆ ಮುಂದೆ ನಡೆದರು. ‘ಅಲ್ಲಿ ಅವರು ಸಾವಕಾಶ ನೋಡ್ತಾರ.’